ಮೂರನೇ ಕತೆಯ ಹೆಣ

ನಾಲ್ಕು ಕತೆ, ಒಂದೇ ಸಿನೆಮಾ.
ಮೂರನೆಯದರಲ್ಲಿ ಹೆಣ ನಾನು,
ಬಂದರಿನ ಐಸ್ ಪ್ಲಾಂಟಿನಲ್ಲಿ, ಬಂಗುಡೆಗಳ ನಡುವೆ.
ಕೊಂದವನ ಸ್ಕೂಟರಿನಲ್ಲಿ ಪೆಟ್ರೋಲಿಲ್ಲ;
ಕನ್ನಡಕ ತೊಡಿಸಿ ಸಿಟಿ ಬಸ್ಸಿನಲ್ಲಿ ಕೂರಿಸುತ್ತಾನೆ.
ಕಂಡಕ್ಟರ್ ನನ್ನ ಭುಜ ತಟ್ಟುತ್ತಾನೆ: ಟಿಕೇಟ್, ಟಿಕೇಟ್.

ಟಾಕೀಸಿಗೆ ಟಾಕೀಸೇ ನಕ್ಕಿತು.
ನಮ್ಮ ಸೆವೆರಿನ್ ಬಾಯಿಗೆ ಮಾತ್ರ ಸಿಟ್ಟು:
"ಸಾಯುವಾಗಲಾದರೂ ಒಗೆದ ಬನಿಯನ್ ಹಾಕಬಾರದಿತ್ತಾ?"

ಹೊರಗೆ ಬಂದರೆ ಕಿಸೆ ಖಾಲಿ.

ಠಾಣೆಯಲ್ಲಿ ಪೇದೆ ಲೋಲಾಕ್ಷ
ಬರೆಯುವುದು ಬಿಟ್ಟು ನನ್ನನ್ನೇ ನೋಡಿದರು:
"ನೀವು ಸತ್ತವರಲ್ವಾ ಮಾರಾಯ್ರೆ?"

ಹೌದೆಂದೆ.
ಮೂಗಿನ ಮೇಲೆ ನೊಣ ಕೂತರೂ ಅಲ್ಲಾಡದೆ
ಇಡೀ ದಿನ ಸತ್ತದ್ದಕ್ಕೆ ಎಂಟುನೂರು.
ಮುರಿಸದೆ ವರ್ಷವಿಡೀ ಇಟ್ಟದ್ದು,
ಅದೇ ಹೋಯಿತು.

"ನೋಟಿಗೆ ಗುರುತು?"
ಮೀನಿನ ವಾಸನೆ, ಎಂದೆ.
ಪೆನ್ನಿನ ಮುಚ್ಚಳ ಹಾಕಿದರು.
"ಮಂಗಳೂರಿನಲ್ಲಿ ಅದೆಂಥ ಗುರುತು?"