ದ್ವೀಪಕ್ಕೆ ಒಂದೇ ಅಕ್ಷರ

ಡ್ಯಾನಿಶ್ ನುಡಿಯಲ್ಲಿ ದ್ವೀಪಕ್ಕೆ
ಒಂದೇ ಅಕ್ಷರ: ø.
ಒಂದು ಸೊನ್ನೆ, ಅದರ ಮೈಮೇಲೆ
ಓರೆಯಾಗಿ ಒರಗಿಸಿಟ್ಟ ಹುಟ್ಟು.
ತುಟಿ ದುಂಡಗೆ ಮಾಡಿ ಉಸಿರು ಬಿಟ್ಟರೆ ಸಾಕು,
ಸುತ್ತ ನೀರು.

ಗುನ್ವೋರ್ ಕ್ಲಿಂಟ್ ಇರುವ ದ್ವೀಪದ ಹೆಸರು Ærø.
ಬಂದರಿನ ಕಚೇರಿಯಲ್ಲಿ,
ಹಿಂದೆ ಹಾಯಿ ಹೊಲಿಯುತ್ತಿದ್ದ ಉದ್ದನೆಯ ಮೇಜಿನ ಮೇಲೆ,
ಫೆರಿಗಳ ವೇಳಾಪಟ್ಟಿಗೆ ಅವಳೇ ಪ್ರೋಗ್ರಾಂ ಬರೆದಳು.
ಹೆಸರುಗಳನ್ನೆಲ್ಲ ಮನೆಮಾತಿನಲ್ಲೇ ಇಟ್ಟಳು,
ಗಾಳಿಗೆ ಗಾಳಿ ಎಂದೇ, ದ್ವೀಪಕ್ಕೆ ದ್ವೀಪ ಎಂದೇ.
ಕಂಪೈಲರು ತಕರಾರು ತೆಗೆಯಲಿಲ್ಲ.
ಫೆರಿ ಹೋಯಿತು, ಬಂತು,
ಕುರಿಗಳನ್ನೂ ಹಲ್ಲಿನ ಡಾಕ್ಟರನ್ನೂ
ಒಮ್ಮೆ ಒಂದು ಪಿಯಾನೋವನ್ನೂ ದಾಟಿಸಿತು.

ಎಡಿಟರಿಗೆ ಮಾತ್ರ ಕಣ್ಣು ಮಂಜು.
ಎಂದೋ ಯಾರೋ ಅದಕ್ಕೆ ಹೇಳಿಕೊಟ್ಟದ್ದು ಇಷ್ಟು:
ಎ ಇಂದ ಝಡ್, ಸೊನ್ನೆಯಿಂದ ಒಂಬತ್ತು, ಒಂದು ಅಡಿಗೆರೆ.
ಅಷ್ಟಾದರೆ ಹೆಸರು, ಮಿಕ್ಕಿದ್ದು ಕಸ.
Ærø ಮೇಲೆ ಮೌಸ್ ಎರಡು ಸಲ ಕುಟ್ಟಿದರೆ
ಬೆಳಗುವುದು ನಡುವಿನ r ಒಂದೇ,
ಉಬ್ಬರದಲ್ಲಿ ಉಳಿದ ಬಂಡೆಯ ಹಾಗೆ.
ಗುನ್ವೋರ್‌ಗೂ ರೂಢಿಯಾಯಿತು.
ಕರೆದರೆ ಓಗೊಡದ ಬೆಕ್ಕನ್ನೂ
ಸಾಕುತ್ತೇವಲ್ಲ, ಅಂದಳು.

ಮೇ ತಿಂಗಳ ಒಂದು ಶುಕ್ರವಾರ
r ಅಂತ ಬೇರೊಂದು ಹೆಸರು, ಸಾಲು ಎಣಿಸುವುದು,
ತೀರ ಮೋಟಾಯಿತು ಅನ್ನಿಸಿ
rad ಮಾಡು ಅಂದಳು, ಎಲ್ಲ ಕಡೆ.
ಎಡಿಟರು ವಿಧೇಯ. ಎಲ್ಲ ಕಡೆ ಮಾಡಿತು.
ನಾಲ್ಕು ಗಂಟೆಗೆ ಬಂದರಿನ ಫಲಕದಲ್ಲಿ ಮೂಡಿತು:
Æradø, 16.20, ಎರಡನೇ ಕಟ್ಟೆ.

ಯಾರೂ ಕಾಲಿಡದ ದ್ವೀಪ.
ಸೈಕಲ್ಲಿನ ಪ್ರವಾಸಿಗರು ನಕ್ಷೆಯನ್ನು
ತಲೆಕೆಳಗೆ ಮಾಡಿ ಹುಡುಕಿದರು.
ದೀಪಸ್ತಂಭದ ಕಾವಲಿನವನ ಹೆಂಡತಿ ಡಾಗ್ನಿ,
ಅವನು ಹೋಗಿ ಹನ್ನೊಂದು ವರ್ಷ,
ಕಿಟಕಿಗೆ ಬಂದು ಚಿಲ್ಲರೆ ಎಣಿಸಿಟ್ಟಳು:
"ಅಲ್ಲಿಗೊಂದು ಕೊಡು. ವಾಪಸು ಬೇಡ."

ಗುನ್ವೋರ್‌ಗೆ ನಗು ಬಂತು. ಆಮೇಲೆ ಬರಲಿಲ್ಲ.

ಆ ರಾತ್ರಿ ಎಡಿಟರಿನ ಹೊಟ್ಟೆ ಬಗೆದಳು.
ಸಾವಿರಾರು ಸಾಲುಗಳ ನಡುವೆ, ಒಂದು ಚೌಕ ಆವರಣದೊಳಗೆ
ಉಗುರುಕಣ್ಣಿನಷ್ಟು ಬೇಲಿ.
ಎ ಇಂದ ಝಡ್ ಅಳಿಸಿ
ಯಾವ ನುಡಿಯದಾದರೂ ಸರಿ, ಅಕ್ಷರವಾಗಿದ್ದರೆ ಸೈ,
ಎಂದು ಅದಕ್ಕೆ ತಿಳಿಯುವ ಹಾಗೆ ಬರೆದಳು.
ಕುಟ್ಟಿದಳು.
ಇಡೀ ದ್ವೀಪ, ಕರಾವಳಿ ಸಮೇತ, ನೀಲಿಯಾಗಿ ಬೆಳಗಿತು.

ಇಲ್ಲಿಗೆ ಮುಗಿಯಬೇಕಿತ್ತು.
ಫೆರಿಯ ಅಡುಗೆಮನೆಯ ಯಾಳಿನಿ
ಹೆರಿಂಗ್ ಮೀನಿನ ಕೈ ಒರೆಸಿಕೊಳ್ಳುತ್ತ ಬಂದು
"ನಮ್ಮಜ್ಜಿಯ ಮಾತು ಹಿಡಿಸುತ್ತದಾ ಇದರಲ್ಲಿ?" ಅಂದಳು.
ಅಜ್ಜಿ ಜಾಫ್ನಾದವಳು, ಸಮುದ್ರ ಎರಡು ಸಲ ದಾಟಿದವಳು.
ಒಂದೊಂದೇ ಕೀಲಿ ಹುಡುಕಿ ತಮಿಳಿನಲ್ಲಿ ಒತ್ತಿದಳು: ತೋಣಿ.
ನಮ್ಮ ದೋಣಿಯೇ,
ಮೊದಲಕ್ಷರಕ್ಕೆ ಉಪ್ಪುನೀರು ಸೋಕಿದೆ ಅಷ್ಟೆ.
ಎರಡು ಸಲ ಕುಟ್ಟಿದಳು.
ದೋಣಿ ನಾಲ್ಕಾಗಿ ಒಡೆಯಿತು.

ತ ಒಂದು ದಿಕ್ಕಿಗೆ, ಣ ಒಂದು ದಿಕ್ಕಿಗೆ.
ಓತ್ವ, ಗುಡಿಸು ಅಕ್ಷರಗಳಲ್ಲವಂತೆ,
ಯಂತ್ರದ ಜಾತಿಪಟ್ಟಿಯಲ್ಲಿ ಅವು ಬರೀ ಗುರುತುಗಳಂತೆ.
ತಬ್ಬಲಿ ಗುಡಿಸಿನ ಮಗ್ಗುಲಲ್ಲಿ
ಚುಕ್ಕೆಚುಕ್ಕೆಯ ಒಂದು ಉಂಗುರ ತೇಲುತ್ತಿತ್ತು,
ಮುಳುಗುವವರಿಗೆಂದು ಎಸೆದ ಟ್ಯೂಬಿನ ಹಾಗೆ,
ಒಳಗೆ ಯಾರೂ ಇರಲಿಲ್ಲ.

ಗುನ್ವೋರ್ ಗುರುತುಗಳನ್ನೂ ಹತ್ತಿಸಿಕೊಂಡಳು,
ಮೊದಲ ಸೀಟು ಅವಕ್ಕಿಲ್ಲ,
ಅಕ್ಷರದ ಬೆನ್ನು ಹಿಡಿದೇ ಬರಬೇಕು ಎಂಬ ಕರಾರಿನ ಮೇಲೆ.
ಇನ್ನೂ ಯಾರು ಯಾರು ದಡದಲ್ಲಿದ್ದಾರೋ, ಅಂದಳು.
ಯಾಳಿನಿ ಕೇಳಿಸಿಕೊಳ್ಳಲಿಲ್ಲ,
ಅಜ್ಜಿಯ ಮಾತುಗಳನ್ನು ಒಂದೊಂದಾಗಿ
ಕುಟ್ಟಿ ಕುಟ್ಟಿ ನೋಡುತ್ತಿದ್ದಳು.

ಫಲಕ ಸರಿಹೋಗಿದೆ.
ಡಾಗ್ನಿಯ ಟಿಕೆಟ್ ಮಾತ್ರ ಅವಳ ಕೋಟಿನ ಜೇಬಿನಲ್ಲಿ:
Æradø, ಒಬ್ಬರು, ಹೋಗಲು ಮಾತ್ರ.
ಶುಕ್ರವಾರ ನಾಲ್ಕಕ್ಕೆ ಬಂದು ಕಿಟಕಿಗೆ ಒರಗಿ ಕೇಳುತ್ತಾಳೆ,
ಅಲ್ಲಿ ಇವತ್ತು ಗಾಳಿ ಹೇಗಿದೆ?
ಗುನ್ವೋರ್ ನೋಡಿ ಹೇಳುತ್ತಾಳೆ.