ದಂಪತಿ ಸದಸ್ಯತ್ವ

ದುರ್ಗಿಗುಡಿಯಲ್ಲಿ ಟೈಪಿಂಗ್ ಕ್ಲಾಸಿನ ಮೇಲಿನ ಮಹಡಿ.
ತಿಂಗಳ ಎರಡನೇ ಶನಿವಾರ, ಸಂಜೆ ಆರೂವರೆ.
ಒಬ್ಬರಿಗೆ ನಾನೂರು, ದಂಪತಿಗೆ ಆರುನೂರು.
ಕಾರ್ಯದರ್ಶಿ ಹಾಲಪ್ಪ ಮೇಷ್ಟ್ರ ಲೆಕ್ಕದಲ್ಲಿ
ಪ್ರೀತಿಗೆ ಇನ್ನೂರು ರೂಪಾಯಿ ರಿಯಾಯಿತಿ.

ಕೋರ್ಟು ನಮ್ಮನ್ನು ಆಗಸ್ಟಿನಲ್ಲಿ ಬಿಡಿಸಿತು,
ರಸೀದಿ ಮಾರ್ಚಿನವರೆಗೆ ನಡೆಯುತ್ತದೆ.
ಹಾಗಾಗಿ ನಾಗಭೂಷಣ ಬರುತ್ತಾನೆ, ನಾನೂ ಬರುತ್ತೇನೆ.
ನಡುವೆ ಒಂದು ಖಾಲಿ ಕುರ್ಚಿ,
ಅದರ ಮೇಲೆ ಇಬ್ಬರ ಹೆಲ್ಮೆಟ್ಟು,
ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡವು.

ಮೇಷ್ಟ್ರಿಗೆ ಹೇಳಿಲ್ಲ.
ಹೇಳಿದರೆ ಸಂಧಾನಕ್ಕೆ ಬರುತ್ತಾರೆ,
ಬಂದರೆ ಊಟ ಮಾಡಿಕೊಂಡೇ ಹೋಗುತ್ತಾರೆ,
ಯಾರ ಮನೆಯಲ್ಲಿ ಎಂಬುದು ಹೊಸ ವ್ಯಾಜ್ಯ.

ಇವತ್ತು ಟರ್ಕಿ ದೇಶದ ಚಿತ್ರ.
‘ನಗು ಬೆರೆತ ಕೌಟುಂಬಿಕ ಕಥನ’ ಎಂದು ಜೆರಾಕ್ಸ್ ಹಂಚಿದ್ದಾರೆ.
ಇಸ್ತಾಂಬುಲಿನ ಗಂಡ ಹೆಂಡತಿ, ಬೇರೆಯಾಗಿ ವರ್ಷವಾಗಿದೆ,
ತಂಗಿಯ ನಿಶ್ಚಿತಾರ್ಥ ಮುಗಿಯುವ ತನಕ
ಜೊತೆಗಿರುವ ಹಾಗೆ ನಟಿಸಬೇಕಂತೆ.
ಅತ್ತೆ ತಲೆದಿಂಬು ಎಣಿಸುತ್ತಾಳೆ.
ಎದುರುಮನೆಯವಳು ಬಾಲ್ಕನಿಯಿಂದ ಬುಟ್ಟಿ ಇಳಿಬಿಟ್ಟು
ಬ್ರೆಡ್ಡಿನ ಜೊತೆ ಬೀದಿಯ ಸುದ್ದಿ ಸೇದುತ್ತಾಳೆ.
ಥೇಟ್ ಹೊಸಮನೆ ಬಡಾವಣೆಯ ನಮ್ಮ ಗಿರಿಜಕ್ಕ,
ಬುಟ್ಟಿಯೊಂದು ಕಮ್ಮಿ.

ಹದಿನಾಲ್ಕು ಜನ ನಗುತ್ತಾರೆ.
ಪರದೆಯ ಗಂಡನ ಠೇಂಕಾರಕ್ಕೆ ಬಿದ್ದು ಬಿದ್ದು ನಕ್ಕವರೇ
ಇಂಟರ್ವೆಲ್ಲಿನಲ್ಲಿ ಮನೆಗೆ ಫೋನು ಮಾಡಿ
‘ಅನ್ನಕ್ಕಿಟ್ಟೆಯೇನೇ’ ಅನ್ನುತ್ತಾರೆ.
ದೂರದ ದೇಶದವನನ್ನು ಕಂಡು ನಗಲಿಕ್ಕೆ ಸಬ್‌ಟೈಟಲ್ ಸಾಕು.
ಪಕ್ಕದ ಕುರ್ಚಿಯವನಿಗಾದರೆ
ಸಾಕ್ಷಿ ಬೇಕು, ವಕೀಲ ಬೇಕು.

ಹೆಣ್ಣು ಕೇಳುವ ಶಾಸ್ತ್ರ ಬಂತು.
ತಂಗಿ ಕಾಫಿಗೆ ಉಪ್ಪು ಹಾಕಿ ತರುತ್ತಾಳೆ, ಅಲ್ಲಿಯ ಪದ್ಧತಿ,
ಹುಡುಗ ಮುಖ ಕಿವುಚದೆ ಕುಡಿದರೆ ಪಾಸು.
ನನ್ನನ್ನು ನೋಡಲು ಭದ್ರಾವತಿಯಿಂದ ಟೆಂಪೋ ತುಂಬ ಬಂದಾಗ
ಹಾಡು ಹೇಳಿಸಿದರು, ನಡೆಸಿ ನೋಡಿದರು,
ಗಣಿತದಲ್ಲಿ ಎಷ್ಟು ಬಂದಿತ್ತೆಂದು ಕೇಳಿದರು.
ಉಪ್ಪು ಉಪ್ಪಿಟ್ಟಿನಲ್ಲೇ ಉಳಿಯಿತು.
ಅದೂ ಹದವಾಗಿತ್ತು, ನನ್ನ ಗ್ರಹಚಾರ.

ಇನ್ನು ಇಪ್ಪತ್ತು ನಿಮಿಷ ಇರುವಾಗ
ಅಕ್ಷರ ನಿಂತುಹೋದವು.
ಆಪರೇಟರ್ ಸಾದಿಕ್ ವೈರು ಕುಟ್ಟಿದ, ಊದಿದ, ಕೈಚೆಲ್ಲಿದ.
ಗಂಡ ಹೆಂಡತಿ ಹಡಗುಕಟ್ಟೆಯಲ್ಲಿ ನಿಂತು
ಬರೀ ಟರ್ಕಿಶ್‌ನಲ್ಲಿ ಮಾತಾಡತೊಡಗಿದರು.
ನಾಗಭೂಷಣ ಹೆಲ್ಮೆಟ್ಟುಗಳ ಮೇಲೆ ಬಾಗಿ
ಹನ್ನೊಂದು ವರ್ಷದ ಚಾಳಿಯಲ್ಲಿ ಕೇಳಿದ:
‘ಏನಂದ್ಲು?’

ನನಗೆ ಬರುವುದು ಕನ್ನಡ, ಬ್ಯಾಂಕಿನ ಇಂಗ್ಲಿಷು, ಚೂರು ಕೊಂಕಣಿ.
ಆದರೂ ಹೇಳಿದೆ.
‘ನೀನು ಕೆಟ್ಟವನಲ್ಲ ಅಂತಿದಾಳೆ.
ನಾನು ಮಾತಾಡುವಾಗ ಟೀವಿ ಸೌಂಡು ಕಮ್ಮಿ ಮಾಡ್ತಿದ್ದೆ,
ಒಂದಿನವೂ ಆಫ್ ಮಾಡ್ಲಿಲ್ಲ ಅಂತಿದಾಳೆ.’
‘ಅವನು?’
‘ಅವನು ಸುಮ್ಮನಿದಾನೆ.’
ಪರದೆಯಲ್ಲಿ ಅವನು ಎರಡೂ ಕೈ ಬಳಸಿ
ಉದ್ದಕ್ಕೆ ಏನೋ ಹೇಳುತ್ತಿದ್ದ.
ನಾಗಭೂಷಣ ತುಸು ಹೊತ್ತು ನೋಡಿದ.
‘ಬಾಯಿ ಅಲ್ಲಾಡ್ತಿದೆಯಲ್ಲೇ.’
‘ಹಾಗಾದ್ರೆ ನೀನೇ ಹೇಳು, ಏನಂತೆ.’
ಹೇಳಲಿಲ್ಲ. ಹೆಲ್ಮೆಟ್ಟಿನ ಬೆಲ್ಟು
ಬಿಚ್ಚಿದ, ಹಾಕಿದ, ಬಿಚ್ಚಿದ.
ಹಡಗು ಕೂಗಿತು.

ಚರ್ಚೆಯಲ್ಲಿ ಮೇಷ್ಟ್ರು: ‘ಕಡೆಗೆ ಒಂದಾದರು ನೋಡಿ,
ಸಂಸಾರ ಅಂದರೆ ಯಾವ ದೇಶದಲ್ಲೂ ಸಂಸಾರವೇ.’
‘ಅವಳೊಬ್ಬಳೇ ಹತ್ತಿದ್ದು ಸಾರ್’ ಅಂದರು ಫಿಲೋಮಿನಾ ಸಿಸ್ಟರ್,
ಮೆಗ್ಗಾನ್ ಆಸ್ಪತ್ರೆಯಲ್ಲಿ ಮೂವತ್ತು ವರ್ಷ
ಯಾರು ಯಾರನ್ನು ಬಿಟ್ಟುಹೋದರೆಂದು ನೋಡಿದವರು.
ಮೇಷ್ಟ್ರು ಕೇಳಿಸಿಕೊಳ್ಳದೆ ನಮ್ಮತ್ತ ಕೈ ತೋರಿದರು:
‘ಇವರನ್ನೇ ನೋಡಿ, ಒಂದು ಶನಿವಾರ ತಪ್ಪಿಸಿದವರಲ್ಲ!’
ಚಪ್ಪಾಳೆ ಬಿತ್ತು.
ಇಬ್ಬರೂ ಎದ್ದು ಕೈಮುಗಿದೆವು,
ತಂಗಿಯ ನಿಶ್ಚಿತಾರ್ಥ ಇನ್ನೂ ಮುಗಿದಿಲ್ಲವೇನೋ ಎಂಬಂತೆ.

ಗೋಪಿ ಸರ್ಕಲ್ ಸಿಗ್ನಲ್ಲಿನಲ್ಲಿ ಗೊತ್ತಾಯಿತು,
ತಲೆಯ ಮೇಲಿರುವುದು ಅವನದು.
ಒಳಗೆ ಭೃಂಗಾಮಲಕದ ಎಣ್ಣೆ ವಾಸನೆ, ಸಡಿಲ ಬೆಲ್ಟು.
ಫೋನು ಮಾಡಬಹುದಿತ್ತು.
ಮುಂದಿನ ಚಿತ್ರ ಹದಿಮೂರಕ್ಕೆ.
ಹಿಂದಿನ ಆಟೋದವನು ಹಾರ್ನು ಒತ್ತೇ ಒತ್ತಿದ,
ಹಸಿರು ಬಿದ್ದು ಎಷ್ಟು ಹೊತ್ತಾಗಿತ್ತೋ.