ಳ ಇಲ್ಲದ ನದಿ

ಬೈತಖೋಲ ಬಂದರಿನಲ್ಲಿ ನನ್ನದೊಂದು ಗೂಡಂಗಡಿ.
ದೋಣಿಗಳ ವೈರ್‌ಲೆಸ್ಸು, ಮೀನಿನ ಗುಂಪು ತೋರಿಸುವ ಡಬ್ಬಿ,
ಉಪ್ಪು ತಿಂದ ಪ್ಲಗ್ಗು, ಇವೇ ನನ್ನ ಗಿರಾಕಿ.
ಮೇಜಿನ ಕೆಳಗೆ ಬೆಡ್‌ಶೀಟು ಹೊದ್ದು ಮಲಗಿರುವುದು ಮಾತ್ರ
ಯಾರೂ ರಿಪೇರಿಗೆ ತಂದದ್ದಲ್ಲ.
ಕೆನೆಬಣ್ಣ ಹಳದಿಗೆ ತಿರುಗಿದ ಕಂಪ್ಯೂಟರು,
ಕೆಂಪು ಕೀಲಿ ಹತ್ತು, ಅದರಲ್ಲೊಂದು ಇಲ್ಲ.
ನೌಕಾನೆಲೆಯ ಬೇಲಿಯೊಳಗೆ ಹೋದ ಊರಿನ ಶಾಲೆಯದು.
ಬೆಂಚು, ಗಂಟೆ, ಭೂಪಟ ಎಲ್ಲ ಲೆಕ್ಕಕ್ಕೆ ಬಂದವು;
ಇದನ್ನು ಟೀವಿ ಎಂದು ಬರೆದುಕೊಂಡರು.

ಐದನೆಯ ಇಯತ್ತೆ. ರೋಲ್ ನಂಬರು ನಲವತ್ತೊಂದು.
ಕನ್ನಡದಲ್ಲಿ ಪ್ರಶ್ನೆ ಕೇಳುತ್ತದಂತೆ,
ಬೋರಕರ ಮಾಸ್ತರರು ರಾತ್ರಿ ಕೂತು ಬರೆದದ್ದಂತೆ.
ನಲವತ್ತನೆಯವನು ಎದ್ದ, ನಾನು ಕೂತೆ,
ಕರೆಂಟು ಹೋಯಿತು.

ಯಂತ್ರ ಸಿಕ್ಕಿತು. ಪಾಠ ಸಿಗಬೇಕಿತ್ತು.
ಕುಮಟೆಯ ರದ್ದಿ ಅಂಗಡಿಯಲ್ಲಿ ಮೂರು ಭಾನುವಾರ.
ಅಂಕೋಲೆಯ ಬ್ಯಾಂಡಿನವನ ಮನೆಯಲ್ಲಿ ಪೆಟ್ಟಿಗೆ ತುಂಬ ಕ್ಯಾಸೆಟ್ಟು,
ಎಲ್ಲ ಹಾಕಿ ಕೇಳಿದೆ, ಎಲ್ಲ ಮದುವೆ.
ಮಾಸ್ತರರ ಮಗಳು ಫೋನಿನಲ್ಲಿ ಅಂದಳು:
‘ಅಪ್ಪ ಹೋದ ವರ್ಷವೇ ಸುಟ್ಟುಬಿಟ್ಟೆವು.
ಹಾಕಿದರೆ ಬರೀ ಕಿರ್ರನೆ ಕಿರುಚುತ್ತಿದ್ದವು,
ಹಾಳಾಗಿವೆ ಅಂದುಕೊಂಡೆವು.’
ಹಾಳಾಗಿರಲಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಕೊನೆಗೆ ಮಾಜಾಳಿಯ ಸುಲಕ್ಷಣಾ ಬಾನಾವಳಿಕರ,
ಒಣಮೀನಿನ ವ್ಯಾಪಾರ,
ಬಿಸ್ಕತ್ತಿನ ಡಬ್ಬಿಯ ತಳದಿಂದ ತೆಗೆದಳು.
‘ಮೊದಲ ಬಹುಮಾನ, ಮಾಸ್ತರರು ಕೊಟ್ಟದ್ದು.
ನಮ್ಮನೆಯಲ್ಲಿ ಕಂಪ್ಯೂಟರೆಲ್ಲಿ? ಇಟ್ಟುಕೊಂಡೆ.’
ಅಂಗಡಿಯ ವಿಳಾಸ ಬರೆದುಕೊಟ್ಟಳು: ಕಾಲಿ ಸೇತುವೆ ಹತ್ತಿರ.
ಅವಸರದ ಕೈ ಅಂದುಕೊಂಡೆ.

ಬೂಸ್ಟು ಹಿಡಿದಿತ್ತು ಟೇಪಿಗೆ.
ಹುರಿದ ಅಕ್ಕಿಯ ಡಬ್ಬಿಯಲ್ಲಿ ಏಳು ದಿನ ಇಟ್ಟು ತೇವ ಬಿಡಿಸಿದೆ.
ಹತ್ತಿ, ಸ್ಪಿರಿಟ್ಟು, ಪೆನ್ಸಿಲ್ ತೂರಿಸಿ
ಗೇಣು ಗೇಣಾಗಿ ಒರೆಸಿದೆ.
ಹಾಕಿದರೆ ಮೊದಲು ಒಂದೇ ಸಮ ಸಿಳ್ಳೆ,
ಆಮೇಲೆ ಕಾದ ಎಣ್ಣೆಗೆ ಬಿದ್ದ ಬಂಗಡೆಯ ಸದ್ದು.
ಪರದೆಯ ಮೇಲೆ ಅಂಕಿ ಒಂದೊಂದೇ ಏರಿ
ನಡುದಾರಿಯಲ್ಲಿ ನಿಂತಿತು: ರಿವೈಂಡ್ ಟೇಪ್.
ಹನ್ನೊಂದು ಸಲ ಅಲ್ಲೇ.
ಕಿವಿಯಿಟ್ಟು ಕೇಳಿದೆ. ಸಿಳ್ಳೆಯ ನಡುವೆ
ಅರ್ಧ ಸೆಕೆಂಡು, ಯಾರೋ ಹುಡುಗಿ
‘ಹಾಂ?’ ಅನ್ನುತ್ತಾಳೆ.
ತಪ್ಪಿ ಕೆಂಪು ಗುಂಡಿ ಒತ್ತಿದ್ದಾಳೆ ಸುಲಕ್ಷಣಾ,
ಒಳಗಿನಿಂದ ಅಮ್ಮ ಕರೆದಿರಬೇಕು.
ಟೇಪು ತಿರುವಿ ಹಾಕಿದೆ.
ಎರಡೂ ಮಗ್ಗುಲಿಗೆ ಬರೆದಿಟ್ಟಿದ್ದರು ಪುಣ್ಯಾತ್ಮ,
ಮಾಸ್ತರರಲ್ಲವೇ.
ಈ ಮಗ್ಗುಲಿನ ತೂತಿಗೆ ಆ ಮಗ್ಗುಲಿನ ತೇಪೆ.
ಹುಡುಗಿಯ ‘ಹಾಂ’ ಕೂಡ ಬೇರೆ ತೆಗೆದಿಟ್ಟಿದ್ದೇನೆ.

ಪ್ರಶ್ನೆ ಬಂತು, ಚುಕ್ಕೆ ಚುಕ್ಕೆ ಕನ್ನಡದಲ್ಲಿ:
ಕೋಡಿಬಾಗದ ಬದಿಗೆ ಯಾವ ನದಿ?
ಕಾಳಿ ಅನ್ನಬೇಕು. ಹುಡುಕಿದರೆ ಳ ಎಲ್ಲೂ ಇಲ್ಲ.
ಆ ಯಂತ್ರದಲ್ಲಿ ನಮ್ಮ ಲಿಪಿಗೆ ಸಿಕ್ಕದ್ದು
ಮೂವತ್ತೆರಡು ಗೂಡು.
ಒತ್ತಕ್ಷರಗಳನ್ನು ಹೊರಗೆ ನಿಲ್ಲಿಸಿದ್ದರು,
ಗಂಗಾವಳಿಯನ್ನು ಬೇಡತಿ ಅಂದು ದಾಟಿಕೊಂಡಿದ್ದರು.
ಕಾಳಿಗೆ ಎರಡನೆಯ ಹೆಸರಿಲ್ಲ.
ಕಾಲಿ ಅಂತ ಒತ್ತಿದೆ.
ಸರಿ ಮಗು, ಅಂದಿತು.
ಬಾನಾವಳಿಕರಳ ಚೀಟಿ ಅಲ್ಲೇ ಗೋಡೆಯ ಮೊಳೆಗಿತ್ತು.
ಒಂದು ತರಗತಿಯಿಡೀ ಇವತ್ತಿಗೂ ಹಾಗೇ ಬರೆಯುತ್ತಿರಬಹುದು.

ಎಂಟು ಸಂಖ್ಯೆ ಸೇರಿಸಿದರೆ ಳ ಬರುತ್ತದೆ, ಈಗ ನನಗೆ ಗೊತ್ತು.
ಒಂದು ರಾತ್ರಿ ಸೇರಿಸಿದೆ ಕೂಡ.
ಕಾಳಿ ಪರದೆಗೆ ಬಂದಳು, ಸುರುಳಿ ಸಮೇತ.
ನೋಡಿದೆ. ಅಳಿಸಿದೆ.
ಮೂರು ಕಡೆ ಕಾದಿಟ್ಟಿರುವುದು ಕಾಲಿಯನ್ನೇ.

ನಿನ್ನೆ ಕರೆಂಟು ಇತ್ತು. ಬೇಕೆಂದೇ ಶರಾವತಿ ಅಂದೆ.
ಯಂತ್ರ ಸುಮ್ಮನಾಯಿತು.
ಕೆಟ್ಟಿತೋ ಎಂದು ಹಾಳೆ ತೆಗೆದು ನೋಡಿದರೆ
ಅಲ್ಲೊಂದು ಖಾಲಿ ಎಣಿಕೆ ಬರೆದಿದ್ದಾರೆ ಮಾಸ್ತರರು,
ಒಂದರಿಂದ ಎರಡು ಸಾವಿರ, ಯಾವ ಕೆಲಸಕ್ಕೂ ಅಲ್ಲ.
ಎಣಿಸಿ ಮುಗಿಸಿ ಅಂದಿತು:
ತಡಿ. ಇನೊಮೆ ನೋಡು.